ಬದನೆ ಸಾಲಿನ ಹುಲ್ಲು

ತವರಿಂದ ಬಂದವಳು ಚೀಲ ಇಳಿಸಿ ನೇರ ಹೊಲಕ್ಕೆ ಹೋದೆ. ಬದನೆ ಸಾಲುಗಳ ನಡುವೆ ನಾನು ಹಾಸಿದ್ದ ಭತ್ತದ ಹುಲ್ಲಿನ ಒಂದು ಎಳೆಯೂ ಇರಲಿಲ್ಲ. ಬದುವಿನ ಮೇಲೆ ಬೂದಿ. ಸಾಲುಗಳಲ್ಲಿ ಕಳೆ ಕೀಳುವ ಎಡೆಕುಂಟೆ ಹೊಡೆದು ಮಣ್ಣು ತಿರುವಿ ಹಾಕಲಾಗಿತ್ತು. ಗಿಡಗಳು ಬಾಡಿ ಜೋತುಬಿದ್ದಿದ್ದವು.

ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ನಮ್ಮ ಮಾವ ಮುದಕಪ್ಪನವರಿಗೆ ಎತ್ತು ಕಟ್ಟಿ ಎಡೆ ಹೊಡೆಯದಿದ್ದರೆ ಉಂಡ ಅನ್ನ ಕರಗುವುದಿಲ್ಲ.

ಆ ಹುಲ್ಲನ್ನು ಸಿಂಗಟಾಲೂರಿನ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ತರಿಸಿದ್ದೆ. ಸೊಂಟ ಬೀಳುವವರೆಗೆ ಬಗ್ಗಿ ಹಾಸಿದ್ದೆ. ಹೋದ ವರ್ಷ ಕಾಂಗ್ರೆಸ್ ಕಸ ನನ್ನ ಟೊಮ್ಯಾಟೊವನ್ನು ನುಂಗಿ ನೀರು ಕುಡಿದಿತ್ತು. ಈ ಸಲವೂ ಕಸ ಗೆದ್ದರೆ ನನ್ನ ಆ ತುಂಡು ಹೊಲಕ್ಕೂ ಹತ್ತಿ ಹಾಕುತ್ತೇನೆಂದು ಗಂಡ ಮೌನೇಶ ಹೇಳಿಬಿಟ್ಟಿದ್ದ. ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ತುಂಡು ಹೊಲ ಒಂದೇ. ಹುಲ್ಲು ಹಾಸಿದ ಮೇಲೆ ಕಸ ಉಸಿರೆತ್ತಿರಲಿಲ್ಲ.

ಮನೆಗೆ ಬಂದರೆ ಮಾವನವರು ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ನನ್ನನ್ನು ಕಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ನೋಡಿದೇನವಾ ನೀಲಗಂಗಾ? ಹೊಲ ಈಗ ಹೊಲದಂಗ ಕಾಣತೈತಿ."

"ಯಾರನ್ನ ಕೇಳಿ ತಗದ್ರಿ?"

"ಕೇಳೋದೇನೈತಿ? ಮುದಕಪ್ಪಗ ಎಡಿ ಹೊಡಿಯಾಕ ಗತಿ ಇಲ್ಲ, ಸೊಸಿ ಹುಲ್ಲು ಹೊಚ್ಚಿ ಕಸಾ ಮುಚ್ಯಾಳ ಅಂತ ಆ ಬಾಜು ಹೊಲದ ಸಕ್ರಪ್ಪ ಚಾದಂಗಡ್ಯಾಗ ಅಂದ. ಮಂದಿ ನಕ್ರು. ಮಾರಿ ಎತ್ತಿ ತಿರಗಾಡೋದು ಹ್ಯಾಂಗ?"

"ಅವರು ನಕ್ರ ನನ್ನ ಹುಲ್ಲಿಗೆ ಬೆಂಕಿ ಹಚ್ಚತೀರೇನ್ರಿ ಮಾವಾರ?"

"ನಿನ್ನ ಒಳ್ಳೇದಕ್ಕ ಮಾಡೇನಿ. ನೀ ಬರೋದ್ರಾಗ ಮುಗಸಬೇಕಂತ ಬಿಸಲಾಗ ನಾ ಒಬ್ಬನ ಎಡಿ ಹೊಡದೇನಿ."

ಅದೇ ಇನ್ನೂ ಸಿಟ್ಟು ತರಿಸಿತು. ಹಗೆಯಿಂದ ಮಾಡಿದ್ದರೆ ಬಾಯಿಗೆ ಬಂದಂತೆ ಬೈದು ಹಗುರಾಗುತ್ತಿದ್ದೆ.

"ಬದನಿ ಬೇರು ಮ್ಯಾಲೇ ಇರತಾವ, ನಿಮ್ಮ ಕುಂಟಿ ಹರದೈತಿ. ತಳದಾಗಿನ ಕಸದ ಬೀಜ ಮ್ಯಾಲೆ ತಂದೀರಿ. ಒಂದ ಮಳಿ ಬಿದ್ರ ಹೊಲ ತುಂಬ ಕಸಾನ."

ಮಾವನವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಹೋಗಲಿ ಬಿಡವಾ. ಮುಂದ ಹತ್ತಿ ಹಾಕಿದ್ರಾತು."

ನನ್ನ ವರ್ಷವನ್ನೆಲ್ಲ ಅಷ್ಟು ಸಲೀಸಾಗಿ ಅಗಿದುಬಿಟ್ಟರು. ಇನ್ನು ಮಾತಾಡಿ ಉಪಯೋಗವಿಲ್ಲ ಅನ್ನಿಸಿತು. ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದೆ. ಎತ್ತುಗಳಿಗೆಂದು ಒಟ್ಟಿದ್ದ ಮೇವಿನ ಬಣವೆ ಹತ್ತಿ ಸಿವುಡುಗಳನ್ನು ಒಂದೊಂದಾಗಿ ಕೆಳಗೆ ಎಸೆಯತೊಡಗಿದೆ. ಉಳಿದ ಗಿಡಗಳ ಬುಡ ಇವತ್ತೇ ಮುಚ್ಚಬೇಕಿತ್ತು.

ಮಾವನವರು ಬರಿಗಾಲಲ್ಲೇ ಓಡಿ ಬಂದರು.

"ಏನ್ ಮಾಡಾಕತ್ತಿ? ಅದು ಎತ್ತಿನ ಹೊಟ್ಟಿದು. ಬ್ಯಾಸಗಿಗೆ ನಾ ಏನ್ ಹಾಕ್ಲಿ?"

"ಎತ್ತು ಮಾರ್ರಿ," ಎಂದೆ.

ಅವರ ಮುಖ ಬಿಳಿಚಿತು. ನಾನು ಇನ್ನೊಂದು ಸಿವುಡು ಎಳೆದೆ.