ಹೊಸ್ತಿಲಾಚೆಯ ವಿಮೆ

ಗೌರೀಶಂಕರ ಹಾಸನದಲ್ಲಿ ಒಂದು ವಿಮಾ ಕಂಪನಿಯ ಏಜೆಂಟ್. ಬೆಂಕಿ, ಕಳವು, ಲಾರಿ ಅಪಘಾತ, ಇವೇ ಅವನ ದಿನದ ಮಾತು. ಅಕ್ಕ ಶಾಂತಕುಮಾರಿಯನ್ನು ಹೊಳೆನರಸೀಪುರದ ಫೋಟೋಗ್ರಾಫರ್ ಷಡಕ್ಷರಿಗೆ ಕೊಟ್ಟಿತ್ತು. ಹಾಗಾಗಿ ಆಗಾಗ ಬಂದು, ಅಕ್ಕನ ಕೈಯ ಊಟ ಮುಗಿಸಿ, ಭಾವನ ಸ್ಟುಡಿಯೋದಲ್ಲಿ ಗಿರಾಕಿಗಳು ಕೂರುವ ಕುರ್ಚಿಯಲ್ಲೇ ಕೂತು ಅದೇ ಮಾತು ತೆಗೆಯುತ್ತಿದ್ದ.

"ನಿಮ್ಮ ಪಾಲಿಸಿ ಈ ಹೊಸ್ತಿಲು ದಾಟಲ್ಲ ಭಾವ. ಅಂಗಡಿಗೆ ಬೆಂಕಿ ಬಿದ್ರೆ ಕೊಡ್ತಾರೆ. ಕ್ಯಾಮೆರಾ ಎತ್ಕೊಂಡು ಯಾವುದೋ ಊರಿನ ಮದುವೆಗೆ ಹೊರಟ್ರೆ, ಮೆಟ್ಟಿಲು ಇಳಿದ ಮೇಲೆ ಅದಕ್ಕೆ ದಿಕ್ಕಿಲ್ಲ."

"ಇಷ್ಟು ವರ್ಷ ಯಾರಿದ್ರೋ ದಿಕ್ಕು?"

"ಇಷ್ಟು ವರ್ಷ ಮಡಿಲಲ್ಲಿ ಇಟ್ಕೊಂಡು ಹೋಗ್ತಿದ್ರಿ. ಈಗ ಬಸ್ಸಿನ ಮೇಲಕ್ಕೆ ಹಾಕಿಸ್ತೀರಿ. ಚನ್ನರಾಯಪಟ್ಟಣದ ಸ್ಟುಡಿಯೋ ಪಾಲಾಕ್ಷನ ಕಥೆ ಕೇಳಿದ್ರಲ್ಲ? ಗಾಳಿಗೆ ಸ್ಟ್ಯಾಂಡು ಉರುಳಿ ಮದುವೆ ಮನೆ ಮಗುವಿನ ಹಣೆ ಒಡೀತು. ಕ್ಯಾಮೆರಾನೂ ಹೋಯ್ತು, ಮಗುವಿನ ಆಸ್ಪತ್ರೆ ಖರ್ಚೂ ತಲೆ ಮೇಲೆ ಬಂತು."

ಷಡಕ್ಷರಿಗೆ ವಾದ ಮಾಡುವ ಉಸಿರಿರಲಿಲ್ಲ. ಪಟ ತೊಳೆಯುವ ಕತ್ತಲೆಕೋಣೆಯ ಔಷಧಿಯ ಘಾಟಿಗೆ ಉಬ್ಬಸ ಹಿಡಿದು ವರ್ಷಗಳೇ ಆಗಿದ್ದವು. ತೇಗದ ಮರದ ಆ ಹಳೆಯ ಕ್ಯಾಮೆರಾ, ಅದರ ಮೂರು ಕಾಲಿನ ಸ್ಟ್ಯಾಂಡು, ಪಟ ಮೂಡುವ ಗಾಜಿನ ಪ್ಲೇಟುಗಳ ಪೆಟ್ಟಿಗೆ, ಇಷ್ಟನ್ನೂ ಹೊತ್ತು ಬಸ್ಸು ಹತ್ತಿ ಇಳಿಯುವ ಹೊತ್ತಿಗೆ ಫೋಟೋ ತೆಗೆಯುವ ಮೊದಲೇ ಸಾಕಾಗಿ ಹೋಗಿರುತ್ತಿತ್ತು. ಅರವತ್ತೊಂದನೆಯ ಇಸವಿಯ ಯುಗಾದಿ ಕಳೆದ ಮೇಲೆ ಒಂದು ದಿನ, ಮೈದುನನ ಬಾಯಿ ಮುಚ್ಚಿಸುವುದಕ್ಕೆಂದೇ ಹೊರಗಿನ ಪಾಲಿಸಿಗೂ ಸಹಿ ಹಾಕಿದ.

ವೈಶಾಖದಲ್ಲಿ ಕೊಣನೂರಿನ ಆಚೆಯ ಒಂದು ಹಳ್ಳಿಯಿಂದ ಕರೆ ಬಂತು. ಅರಕಲಗೂಡಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಶಿವಯ್ಯನ ಮದುವೆ. ಊರಾಚೆಯ ಕೇರಿಯಿಂದ ಓದಿ ಸರ್ಕಾರಿ ಕೆಲಸ ಹಿಡಿದ ಮೊದಲನೆಯವನು ಅವನು. ಮದುಮಗಳು ಮಾದಮ್ಮ, ಚನ್ನರಾಯಪಟ್ಟಣದ ಕಡೆಯವಳು. ಮನೆಮಂದಿಯೆಲ್ಲ ಒಟ್ಟಿಗೆ ಇರುವ ಒಂದು ಪಟ ಬೇಕೆಂಬುದು ಶಿವಯ್ಯನ ಆಸೆ. ಆ ಮನೆಯಲ್ಲಿ ಆವರೆಗೆ ಯಾರೂ ಪಟ ತೆಗೆಸಿಕೊಂಡಿರಲಿಲ್ಲ.

ಷಡಕ್ಷರಿ ಹೋದಾಗ ಚಪ್ಪರದ ಮುಂದೆ ಶಾಲೆಯ ಎರಡು ಕುರ್ಚಿ ತಂದಿಟ್ಟಿದ್ದರು. ಶಿವಯ್ಯ ಹೆಡ್‌ಮಾಸ್ತರನ್ನು ಕೇಳಿ ತಂದವು. ಅಪ್ಪ ದ್ಯಾವಯ್ಯ, ಅವ್ವ ಮುದ್ದಮ್ಮ ಕೂರಬೇಕು, ಉಳಿದವರು ಹಿಂದೆ ನಿಲ್ಲಬೇಕು. ಮುದ್ದಮ್ಮ ಹೊಸ ಸೀರೆಯ ಸೆರಗು ಎಳೆದುಕೊಂಡು ಕೂತಳು. ದ್ಯಾವಯ್ಯ ಕೂರಲಿಲ್ಲ. ರಸ್ತೆಯಾಚೆ ಹುಣಸೆಮರದಡಿ ಊರಿನ ನಾಲ್ಕಾರು ಜನ ನಿಂತು ಈ ಕಡೆಯೇ ನೋಡುತ್ತಿದ್ದರು. ಆತ ಒಮ್ಮೆ ಅವರನ್ನು, ಒಮ್ಮೆ ಕುರ್ಚಿಯನ್ನು ನೋಡಿದ.

"ಕೂತ್ಕಳಪ್ಪ, ಬಿಸ್ಲು ಏರ್ತಾ ಅದೆ," ಎಂದ ಶಿವಯ್ಯ.

ಕೊನೆಗೆ ದ್ಯಾವಯ್ಯ ಕುರ್ಚಿಯ ಅಂಚಿಗೆ, ಯಾವ ಗಳಿಗೆಯಲ್ಲಾದರೂ ಏಳುವವನ ಹಾಗೆ ಕೂತ. ಷಡಕ್ಷರಿ ಕರಿಬಟ್ಟೆಯೊಳಗೆ ತಲೆ ತೂರಿಸಿ ಎರಡು ಪ್ಲೇಟು ತೆಗೆದ. ಎಳನೀರು ಕೆತ್ತಿಕೊಟ್ಟರು. ಈತ ತಮ್ಮ ಮನೆಯ ನೀರು ಕುಡಿಯುವುದಿಲ್ಲವೆಂದು ಅವರೇ ತೀರ್ಮಾನಿಸಿಕೊಂಡಿದ್ದರು, ಈತನೂ ಕೇಳಲಿಲ್ಲ.

ಸಂಜೆಯ ಬಸ್ಸು ತುಂಬಿತ್ತು. ಪೆಟ್ಟಿಗೆಗಳನ್ನು ಮೇಲೆ ಹಾಕಿ ಹಗ್ಗ ಬಿಗಿದರು. ಅರಕಲಗೂಡಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಎದುರಿಗೆ ಎತ್ತಿನ ಗಾಡಿ ಬಂದು ಡ್ರೈವರ್ ಬಸ್ಸನ್ನು ರಸ್ತೆಯಿಂದ ಕೆಳಗಿಳಿಸಿದ. ಮೇಲಿನಿಂದ ಏನೋ ಜಾರಿ ಬಿದ್ದ ಸದ್ದಾಯಿತು. ಷಡಕ್ಷರಿಗೆ ಅದು ಯಾವುದೆಂದು ಇಳಿದು ನೋಡುವ ಮೊದಲೇ ಗೊತ್ತಾಗಿತ್ತು. ಕ್ಯಾಮೆರಾದ ಮುಖ ಒಡೆದು ಲೆನ್ಸು ಬೇರೆಯಾಗಿ ಬಿದ್ದಿತ್ತು. ಪ್ಲೇಟಿನ ಪೆಟ್ಟಿಗೆಯನ್ನು ಎತ್ತಿದರೆ ಒಳಗೆ ಗಾಜಿನ ಚೂರುಗಳು ಗಲಗಲ ಅಂದವು. ಕಂಡಕ್ಟರ್ "ಅಗ್ಗ ಸಡ್ಲ ಆಗೋಗ್ಯದೆ ಸಾ," ಎಂದ. ಷಡಕ್ಷರಿ ಯಾರನ್ನೂ ಬೈಯಲಿಲ್ಲ. ಎಲ್ಲವನ್ನೂ ಕರಿಬಟ್ಟೆಯಲ್ಲಿ ಗಂಟು ಕಟ್ಟಿ ಮತ್ತೆ ಬಸ್ಸು ಹತ್ತಿದ.

ಗೌರೀಶಂಕರ ಮಾರನೆಯ ದಿನವೇ ಓಡಿ ಬಂದ. ಅವನ ಮುಖದಲ್ಲಿ ದುಃಖದ ಜೊತೆಗೆ ಸಣ್ಣ ಗೆಲುವೂ ಇತ್ತು. ಇಷ್ಟು ವರ್ಷ ಅವನು ಹೇಳಿಕೊಂಡು ಬಂದ ಮಾತು ಒಮ್ಮೆಗಾದರೂ ಉಪಯೋಗಕ್ಕೆ ಬಂದಿತ್ತಲ್ಲ. ನಷ್ಟ ಲೆಕ್ಕ ಹಾಕುವ ಕಂಪನಿಯ ಸರ್ವೇಯರನ್ನು ಕರೆತಂದು ತೋರಿಸಿದ. ಅವರು ಕ್ಯಾಮೆರಾ ನೋಡಿದರು, ಲೆನ್ಸು ನೋಡಿದರು, ಗಾಜಿನ ಚೂರುಗಳನ್ನೂ ನೋಡಿದರು. ಕೇಳಿದ್ದನ್ನೇ ಮತ್ತೆ ಕೇಳಿದರು. ಹಾಸನಕ್ಕೆ ಅಲೆದಾಟ ಶುರುವಾಯಿತು. ಸಾಹೇಬರು ಇವತ್ತಿಲ್ಲ, ನಾಳೆ ಬನ್ನಿ. ನಾಳೆ ಹೋದರೆ ಇನ್ನೊಂದು ಸಹಿ.

ಅಂತೂ ಆಷಾಢ ಬರುವ ಹೊತ್ತಿಗೆ ಪರಿಹಾರ ಮಂಜೂರಾಯಿತು. ಆ ದುಡ್ಡಿಗೆ ಹಾಸನದಲ್ಲೇ ಒಬ್ಬರು ಬಳಸಿ ಬಿಟ್ಟ ಕ್ಯಾಮೆರಾ ಷಡಕ್ಷರಿಗೆ ಸಿಕ್ಕಿತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಬ್ಬರೂ ಕಾಫಿ ಕುಡಿಯುತ್ತ ಕೂತರು.

"ನೋಡಿದ್ರಾ ಭಾವ? ಎಲ್ಲಾ ಬಂತು. ಪ್ಲೇಟಿಗೂ ಕೊಟ್ರು."

"ಪ್ಲೇಟಿಗೆ ಅಂದ್ರೆ?"

"ಗಾಜಿನ ಬೆಲೆ."

"ಅದರ ಮೇಲಿದ್ದ ಪಟಕ್ಕೆ?"

ಗೌರೀಶಂಕರ ಲೋಟ ಕೆಳಗಿಟ್ಟ. "ಅದಕ್ಕೆ ಯಾರು ಬೆಲೆ ಕಟ್ತಾರೆ ಭಾವ? ಅಂಥ ಪಾಲಿಸಿ ನಮ್ಮ ಕಂಪನೀಲಿ ಇಲ್ಲ. ಬೇರೆ ಕಡೆ ಇದ್ದರೂ ನಾನು ಕಂಡಿಲ್ಲ. ಮದುವೆಯವರ ಮುಂಗಡ ವಾಪಸ್ ಕೊಟ್ಟು ಕೈ ಮುಗಿದುಬಿಡಿ. ಎಲ್ಲರೂ ಹಾಗೇ ಮಾಡೋದು."

ಷಡಕ್ಷರಿ ಅಷ್ಟು ದಿನ ಆ ಕೆಲಸವನ್ನೇ ಮುಂದಕ್ಕೆ ಹಾಕುತ್ತ ಬಂದಿದ್ದ. ಶಿವಯ್ಯ ಎರಡು ಸಲ ಹೇಳಿ ಕಳಿಸಿದಾಗಲೂ 'ಇನ್ನೂ ತೊಳೆದಿಲ್ಲ' ಎಂದು ಉತ್ತರ ಹೋಗಿತ್ತು. ಇನ್ನು ಮುಚ್ಚಿಡಲು ಆಗುವುದಿಲ್ಲವೆನಿಸಿ ಒಂದು ದಿನ ಸೋನೆ ಮಳೆಯಲ್ಲಿ ಅರಕಲಗೂಡಿಗೆ ಹೋಗಿ, ಶಿವಯ್ಯನನ್ನು ಕಚೇರಿಯಿಂದ ಹೊರಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದ.

ಶಿವಯ್ಯ ಮಳೆಯಿಂದ ಸರಿದು ಜಗಲಿಯ ಕಂಬ ಹಿಡಿದುಕೊಂಡ.

"ಎರಡೂ ಓದ್ವಾ ಸಾ?"

"ಎರಡೂ ಹೋದವು. ಮುಂಗಡ ತಂದಿದ್ದೀನಿ. ಇಲ್ಲ, ಇನ್ನೊಂದು ಸಲ ಬಂದು ತೆಗೀತೀನಿ ಅಂದ್ರೂ ಸರಿ. ಅದಕ್ಕೆ ನೀವೇನೂ ಕೊಡಬೇಕಾಗಿಲ್ಲ."

"ಮಾದಮ್ಮ ತವರಿಗೆ ಓಗವ್ಳೆ, ಶ್ರಾವಣಕ್ಕೆ ಬತ್ತಾಳೆ. ಅದಲ್ಲ ಸಾ. ನಮ್ಮಪ್ಪ ಇನ್ನೊಂದ್ಸಲ ಕೂರಕಿಲ್ಲ."

ಮದುವೆಯ ದಿನ ಆಮೇಲೆ ನಡೆದದ್ದನ್ನು ಅವನು ಹೇಳಿದ. ಷಡಕ್ಷರಿಯ ಬಸ್ಸು ಹೋದ ಮೇಲೆ ಊರಿನವರು ಹೆಡ್‌ಮಾಸ್ತರನ್ನು ತಡೆದು, ಶಾಲೆಯ ಕುರ್ಚಿ ಯಾರಿಗೆ ಕೊಟ್ಟಿರಿ ಎಂದು ಕೇಳಿದ್ದರು. ಅಂದಿನಿಂದ ದ್ಯಾವಯ್ಯ ರಸ್ತೆಗೆ ಬಂದರೆ ಯಾರಾದರೊಬ್ಬರು "ಕುರ್ಚಿ ದ್ಯಾವ ಬಂದ, ಜಾಗ ಬುಡ್ರಲಾ," ಎನ್ನುತ್ತಿದ್ದರು. ಆತ ಸಂತೆಗೆ ಹೋಗುವುದನ್ನೂ ಬಿಟ್ಟಿದ್ದ.

"ಪಟ ಬಂದ್ರೆ ಸರಿ ಓಗ್ತದೆ ಅಂತ ಕಾಯ್ತಿದ್ದೆ ಸಾ," ಎಂದ ಶಿವಯ್ಯ. ಮುಂಗಡ ವಾಪಸ್ ತೆಗೆದುಕೊಳ್ಳಲಿಲ್ಲ. "ಶ್ರಾವಣದಲ್ಲಿ ಬನ್ನಿ. ಆದಂಗಾಗ್ಲಿ."

ಶಾಲೆಯ ಕುರ್ಚಿ ಇನ್ನು ಸಿಗುವಂತಿರಲಿಲ್ಲ. ಷಡಕ್ಷರಿ ಸ್ಟುಡಿಯೋದ ಎರಡು ಕುರ್ಚಿಗಳನ್ನೇ ಒಯ್ಯುವುದೆಂದು ನಿಶ್ಚಯಿಸಿದ. ಶಾಂತಕುಮಾರಿ "ಏದುಸಿರು ಬಿಡೋರು ಕುರ್ಚಿ ಹೊತ್ಕೊಂಡು ಹೋಗ್ತೀರಾ?" ಎಂದು ತಮ್ಮನನ್ನು ಜೊತೆ ಮಾಡಿ ಕಳಿಸಿದಳು. ಗೌರೀಶಂಕರ ದಾರಿಯುದ್ದಕ್ಕೂ ಗೊಣಗಿದ. ಬಸ್ಸಿಳಿದು, ಕ್ಯಾಮೆರಾದ ಸಾಮಾನನ್ನು ಭಾವನಿಗೆ ಬಿಟ್ಟು, ಎರಡೂ ಕುರ್ಚಿಗಳನ್ನು ತಲೆಯ ಮೇಲೆ ಇಟ್ಟುಕೊಂಡು ಕೆಸರಿನ ದಾರಿಯಲ್ಲಿ ನಡೆಯುವಾಗ ಮಾತ್ರ ಗೊಣಗುವುದಕ್ಕೂ ತ್ರಾಣವಿಲ್ಲದೆ ಸುಮ್ಮನಾದ.

ಮನೆಯ ಮುಂದೆ ಕುರ್ಚಿ ಇಳಿಸಿದರು. ಈ ಸಲವೂ ಎಳನೀರೇ ಬಂತು. ಮಾದಮ್ಮ ಮದುವೆಯ ಸೀರೆಯನ್ನೇ ಉಟ್ಟಿದ್ದಳು. ದ್ಯಾವಯ್ಯ ಜಗಲಿಯ ಮೂಲೆಯಿಂದ ಏಳಲಿಲ್ಲ.

"ಬ್ಯಾಡ ಬುದ್ದಿ. ಒಂದ್ಸಲ ಕೂತಿದ್ದಾಯ್ತು. ಅದು ಒಡದೋಯ್ತು ಅಂದ್ರೆ ನಮ್ಗೆ ಆಗ್ಬರಾಕಿಲ್ಲ ಅಂತ್ಲೇಯ."

"ಪಟ ಒಡೆದದ್ದು ನಿನ್ನಿಂದಲ್ಲ ದ್ಯಾವಯ್ಯ. ಪೆಟ್ಟಿಗೇನ ಬಸ್ಸಿನ ಮೇಲೆ ಹಾಕಿಸಿದವನು ನಾನು," ಎಂದ ಷಡಕ್ಷರಿ.

ದ್ಯಾವಯ್ಯ ಬೇಡವೆಂದು ತಲೆಯಾಡಿಸಿದ. ಮುದ್ದಮ್ಮ ಒಳಗಿನಿಂದ ಬಂದು ನೇರವಾಗಿ ಒಂದು ಕುರ್ಚಿಯಲ್ಲಿ ಕೂತಳು.

"ನೀನು ಕೂರ್ಬ್ಯಾಡ, ನಿಂತ್ಕೊ. ನಾ ಕೂತ್ಕತೀನಿ. ಬಸ್ಸಿನ ಅಗ್ಗ ನಾವೇನ್ ಕಟ್ಟಿದ್ವಾ, ಆಗ್ಬರಾಕಿಲ್ಲ ಅನ್ನಾಕೆ? ಅನ್ನೋರು ನಿಂತ್ರೂ ಅಂತಾರೆ, ಕೂತ್ರೂ ಅಂತಾರೆ."

ದ್ಯಾವಯ್ಯ ಎದ್ದು ಬಂದು ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತ. ಹುಣಸೆಮರದಡಿ ಅಂದಿನ ಹಾಗೆಯೇ ಜನ ಸೇರಿದ್ದರು. ಷಡಕ್ಷರಿ ಕ್ಯಾಮೆರಾ ಹೊಂದಿಸತೊಡಗಿದ. ಅದು ಅವನ ಕೈಗೆ ಹೊಸದು. ಮೋಡ ಬೇರೆ ಬಂದು ಬಂದು ಮುಚ್ಚುತ್ತಿತ್ತು. ಬೆಳಕಿಗೆ ಕಾಯುವುದು, ಕರಿಬಟ್ಟೆ ಹೊದೆಯುವುದು, ಮತ್ತೆ ತೆಗೆದು ಮೋಡ ನೋಡುವುದು. ಅವನ ಎದೆ ಸುಯ್ಯೆನ್ನುತ್ತಿತ್ತು. ಎಲ್ಲರೂ ಅಲುಗದೆ ಇದ್ದಲ್ಲೇ ಇದ್ದರು. ಅಂತೂ ಒಂದು ಪ್ಲೇಟು ಆಯಿತು.

"ಇನ್ನೊಂದು ತೆಗೀತೀನಿ. ಇರೋದು ಒಂದೇ ಆದರೆ ನನಗೆ ಧೈರ್ಯ ಸಾಲಲ್ಲ," ಎಂದ.

ಎರಡನೆಯದಕ್ಕೆ ಬಹಳ ಹೊತ್ತು ಮೋಡ ಸರಿಯಲಿಲ್ಲ. ದ್ಯಾವಯ್ಯ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿರುವುದು ಕ್ಯಾಮೆರಾದ ಗಾಜಿನಲ್ಲೂ ಕಾಣುತ್ತಿತ್ತು. ಷಡಕ್ಷರಿ ಮತ್ತೆ ಮೋಡದ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ದ್ಯಾವಯ್ಯ ಯಾರ ಕಡೆಗೂ ನೋಡದೆ, "ಕಾಲು ಸೋತೋಯ್ತು ಕಣಮ್ಮಿ," ಎಂದು ಹೆಂಡತಿಗೆ ಹೇಳಿ, ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತ. ಅಂಚಿಗಲ್ಲ, ಬೆನ್ನು ತಾಗುವ ಹಾಗೆ ಪೂರಾ ಕೂತ. ಮರದಡಿ ಯಾರೋ ಕೆಮ್ಮಿದರು. ಆತ ಏಳಲಿಲ್ಲ. ಅಷ್ಟರಲ್ಲಿ ಬಿಸಿಲು ಬಂತು. ಷಡಕ್ಷರಿ ಎರಡನೆಯ ಪ್ಲೇಟು ಮುಗಿಸಿದ.

ಕೊಣನೂರಿನಲ್ಲಿ ಬಸ್ಸು ತಡವಾಯಿತು. ಭಾವ ಮೈದುನ ಇಬ್ಬರೂ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪ್ಲೇಟಿನ ಪೆಟ್ಟಿಗೆ ಷಡಕ್ಷರಿಯ ತೊಡೆಯ ಮೇಲಿತ್ತು.

"ಇದನ್ನೆಲ್ಲ ಯಾವ ಕಂಪನಿ ಕೊಡುತ್ತೆ ಹೇಳಿ," ಎಂದು ಗೌರೀಶಂಕರ ಕಾಲಿನ ಕೆಸರು ಕೆರೆಯುತ್ತ ಕೇಳಿದ. ತಿರುಗಿ ನೋಡಿದರೆ ಭಾವ ಕೂತಲ್ಲೇ ತೂಕಡಿಸುತ್ತಿದ್ದ. ಗೌರೀಶಂಕರ ಪೆಟ್ಟಿಗೆಯನ್ನು ಮೆಲ್ಲನೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

ಹದಿನೈದು ದಿನದ ಮೇಲೆ ಷಡಕ್ಷರಿ ಎರಡು ಪಟಗಳನ್ನೂ ರಟ್ಟಿಗೆ ಅಂಟಿಸಿ ಅರಕಲಗೂಡಿಗೆ ಒಯ್ದ. ಶಿವಯ್ಯ ಕಚೇರಿಯ ಜಗಲಿಯಲ್ಲಿ ನಿಂತು ನೋಡಿದ. ದ್ಯಾವಯ್ಯ ನಿಂತಿದ್ದ ಪಟದಲ್ಲಿ ಎಲ್ಲರ ಮುಖವೂ ಸ್ಫುಟವಾಗಿತ್ತು. ಕೂತಿದ್ದರಲ್ಲಿ ಒಂದು ತಪ್ಪಾಗಿತ್ತು.

"ನಮ್ಮಪ್ಪ ಕಣ್ ಮುಚ್ಚವ್ನೆ ಸಾ."

"ಹೌದು ಶಿವಯ್ಯ. ತೊಳೆದ ಮೇಲೆ ನೋಡಿದೆ. ನಿಂತಿರೋದನ್ನೇ ಕಟ್ಟು ಹಾಕಿಸಿಕೊಳ್ಳಿ."

ಶಿವಯ್ಯ ಆ ಪಟವನ್ನು ದೂರ ಹಿಡಿದು, ಹತ್ತಿರ ತಂದು, ಬಹಳ ಹೊತ್ತು ನೋಡಿದ. ಕುರ್ಚಿಗೆ ಒರಗಿದ್ದ ಅಪ್ಪ, ಗದ್ದೆಯಿಂದ ಬಂದು ಜಗಲಿಯ ಗೋಡೆಗೆ ಒರಗಿದಾಗ ಇರುವ ಹಾಗೆಯೇ ಇದ್ದ.

"ಇದೇ ಇರ್ಲಿ ಸಾ," ಎಂದ.

ಷಡಕ್ಷರಿ ತಲೆಯಾಡಿಸಿ, ಛತ್ರಿ ಬಿಚ್ಚಿಕೊಂಡು ಬಸ್ಸಿನ ಕಡೆಗೆ ಹೊರಟ.