ಕರು ಕುಡಿದ ಹಾಲು

ತಾಯಿ ಹಸು ಹಾವು ಕಚ್ಚಿ ಸತ್ತ ಮೇಲೆ ಕರು ಕೆಂಚನನ್ನು ಪರಿಮಳಾ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಹೋರಿಗರು ಮೈಕೈ ತುಂಬಿಕೊಂಡು ಬೆಳೆಯಿತು. ಶಿರಸಿಯ ತಳಿ ಕೇಂದ್ರದ ಡಾಕ್ಟರ್ ಕಮಲಾಕರ ಅವಳ ಊರು ಹುಲಗೋಳಕ್ಕೇ ಬಂದು ಕೇಳಿ ಒಯ್ದರು. ಒಯ್ಯುವಾಗಲೇ ಹೇಳಿದ್ದರು: “ಇವನ ಹೆಣ್ಣುಮಕ್ಕಳು ಕರು ಹಾಕಿ ಹಾಲು ಕೊಡೋ ತನಕ ಕಾಯಬೇಕ್ರಿ. ಅವು ಚೊಲೊ ಹಿಂಡಿದ್ರ ಇವ ಕೇಂದ್ರದಾಗ ಇರ್ತಾನ. ಇಲ್ಲಂದ್ರ ಮಾರೂದು.”

ಯಾರಿಗೆ ಮಾರುವುದು ಎಂದು ಪರಿಮಳಾ ಕೇಳಲಿಲ್ಲ. ಕಟುಕರಿಗೇ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ತೊಂಬತ್ತೆಂಟರ ಹೊತ್ತಿಗೆ ಹುಲಗೋಳ, ಹೇರೂರು, ಮಾಗೋಡಿನ ಕೊಟ್ಟಿಗೆಗಳಲ್ಲಿ, ಕೇಂದ್ರದವರು ಹಾಕಿದ ಸೂಜಿಯಿಂದ ಹುಟ್ಟಿದ ಕೆಂಚನ ಹೆಣ್ಣುಮಕ್ಕಳು ಕರು ಹಾಕಿದ್ದವು. ಪರಿಮಳಾಳ ಮನೆಯ ಗೌರಿಯೂ ಅದರ ಮಗಳೇ. ತಿಂಗಳಿಗೊಮ್ಮೆ ಕೇಂದ್ರದ ಸೋಮ ತೂಗುವ ಕಾಟಾ ಹಿಡಿದು ಮನೆಮನೆಗೆ ಬಂದು ಎಲ್ಲ ಆಕಳ ಹಾಲು ಅಳೆದುಕೊಂಡು ಹೋಗುತ್ತಿದ್ದ.

ಮೊದಲ ಸಲ ಅವನು ಬರುವ ಮುಂಚೆಯೇ ನೆರೆಮನೆಯ ದೇವಕ್ಕ ಕೊಟ್ಟಿಗೆಗೆ ಬಂದಳು.

“ತುಂಬಿದ ಕೊಡಪಾನ ಪರರ ಎದುರಿಗೆ ಇಡ್ತ್ಯನೆ? ಎಲ್ಲರ ಕಣ್ಣೂ ಒಂದೇ ನಮೂನೆ ಇರ್ತಿಲ್ಲೆ, ಮಾರಾಯ್ತಿ. ಕರುವಿಗೆ ಎರಡು ಮೊಲೆ ಬಿಟ್ಟಿಕ್ಕಿ ಆಮೇಲೆ ಹಾಲು ಕರೆ.”

“ಕೆಂಚನ ಹೆಸರು ಹೋಗ್ತಿಲ್ಯ, ದೇವಕ್ಕ?”

“ನಿಮ್ಮನೆ ಒಂದರಿಂದ ಎಂತ ಆಗ್ತು? ಉಳಿದ ಮನೆಯವು ತೋರಿಸ್ತ.”

ಪರಿಮಳಾ ಗೌರಿಯ ಕರುವನ್ನು ಬಿಟ್ಟಳು. ಅದು ಬಾಯಿತುಂಬ ನೊರೆ ಮಾಡಿಕೊಂಡು ಕುಡಿಯಿತು. ಸೋಮ ಕಾಟಾ ಎತ್ತಿ ನಕ್ಕ. “ನಿಮ್ಮ ಗೌರಿಗಿಂತ ನಮ್ಮನೆ ಆಡೇ ಅಡ್ಡಿಲ್ಲ, ಅಮ್ಮಾ!”

ಪ್ರತಿ ತಿಂಗಳೂ ಹಾಗೆಯೇ ನಡೆಯಿತು. ಹೇರೂರು, ಮಾಗೋಡಿನ ಮನೆಗಳಲ್ಲೂ ಅದೇ ಎಂದು ಆಮೇಲೆ ಕಿವಿಗೆ ಬಿತ್ತು.

ಮರುವರ್ಷ ಸೋಮ ಕಾಟಾ ಇಲ್ಲದೆ ಬಂದು ಅಂಗಳದಲ್ಲಿ ನಿಂತ. “ಅಮ್ಮಾ, ನಿಮ್ಮ ಕೆಂಚ ಪಾಸಾಗ್ಲಿಲ್ಲ. ನಾಳೆ ಲಾರಿ ಬರ್ತದೆ.”

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಪರಿಮಳಾ ಶಿರಸಿಗೆ ಹೋದಳು.

“ಬರ್ರಿ, ಕೂಡ್ರಿ,” ಎಂದರು ಡಾಕ್ಟರು. ಅವಳು ಕೂರಲಿಲ್ಲ.

“ಆ ಲೆಕ್ಕ ಸುಳ್ಳು, ಡಾಕ್ಟ್ರೇ. ದೃಷ್ಟಿ ಆಗ್ತದೆ ಅಂತ ಎಲ್ಲರೂ ಹಾಲು ಮುಚ್ಚಿಟ್ಟಿದ್ದಾರೆ. ನಾನೂ ಮುಚ್ಚಿಟ್ಟೆ.”

“ಎಲ್ಲಾರೂ ಮುಚ್ಚಿದ್ರ ಅಷ್ಟೇನ್ ತ್ರಾಸಿಲ್ರಿ. ಇವನ ಮಕ್ಕಳನ್ನ ಅದೇ ಊರಿನ ಬ್ಯಾರೆ ಆಕಳ ಜೊತಿ ಹೋಲಿಸಿ ನೋಡ್ತೀವಿ. ಎಲ್ಲಾದ್ರಾಗೂ ಅಷ್ಟಷ್ಟೇ ಕಡಿಮಿ ಆದ್ರ ಲೆಕ್ಕ ಕೆಡೂದಿಲ್ಲ. ನಿಮ್ಮನಿ ಇನ್ನೊಂದು ಆಕಳದ ಹಾಲೂ ಮುಚ್ಚಿದ್ರೇನು?”

ಇನ್ನೊಂದು ಎಂದರೆ ಮುದಿ ಆಕಳು ಕುಂಟಿ. ಅದರ ಹಾಲನ್ನು ಸೋಮನ ಎದುರಿಗೇ ಕೊನೆಯ ಹನಿಯವರೆಗೆ ಹಿಂಡಿದ್ದಳು.

“ಇಲ್ಲ. ಅದಕ್ಕೆ ಯಾರು ಕಣ್ಣು ಹಾಕ್ತಾರೆ?”

ಡಾಕ್ಟರು ಕನ್ನಡಕ ತೆಗೆದರು. “ಅಂದ್ರ ಚೊಲೊ ಆಕಳದ್ದಷ್ಟೇ ಮುಚ್ಚೀರಿ. ಎಷ್ಟು ಚೊಲೊ ಇತ್ತೋ ಅಷ್ಟು ಮುಚ್ಚೀರಿ. ಕೆಂಚನ ಮಕ್ಕಳೇ ಎಲ್ಲಾದ್ರಕಿಂತ ಚೊಲೊ ಇರಬೇಕು. ಅದಕ್ಕ ಅವನೇ ಎಲ್ಲಾರಕಿಂತ ಕೆಳಗ ಬಂದಾನ.” ಪೆನ್ನು ಎತ್ತಿಕೊಂಡರು. “ಎಷ್ಟು ಮುಚ್ಚಿದ್ರಿ, ಹೇಳ್ರಿ. ಮ್ಯಾಲಿನವರಿಗೆ ಬರದು ನೋಡ್ತೇನಿ.”

“ಕರು ಕುಡೀತು.”

“ಹೌದ್ರಿ. ಎಷ್ಟು?”

ಕರು ಕುಡಿದದ್ದನ್ನು ಪರಿಮಳಾ ಅಳೆದಿರಲಿಲ್ಲ. ಹೇರೂರಿನವರೂ ಅಳೆದಿರಲಿಲ್ಲ, ಮಾಗೋಡಿನವರೂ ಅಳೆದಿರಲಿಲ್ಲ.

“ಕೆಂಚನ್ನ ನನಗೇ ಕೊಡಿ, ಮನೆಗೆ ಒಯ್ತೇನೆ.”

“ನಿನ್ನೆನೇ ಮಾರಿ ಆಗೇದ್ರಿ.”

ಹೊರಗೆ ಲಾರಿಯ ಹಲಗೆ ಇಳಿಸಿದ್ದರು. ಮೂವರು ಆಳುಗಳು ಮೂಗುದಾರ ಜಗ್ಗಿದರೂ ಕೆಂಚ ಕಾಲೂರಿ ನಿಂತಿತ್ತು. ಪರಿಮಳಾಳನ್ನು ಕಂಡದ್ದೇ ಕಿವಿ ನಿಮಿರಿಸಿ ಒಮ್ಮೆ ಕೂಗಿತು.

“ನಿಮ್ಮ ಗುರ್ತು ಹಿಡೀತು ನೋಡಿ,” ಎಂದ ಒಬ್ಬ ಆಳು ಖುಷಿಯಿಂದ. “ನೀವೇ ಹತ್ತಿಸಿ ಕೊಡಿ, ಅಮ್ಮಾ. ಇಲ್ದಿದ್ರೆ ನಾವು ಸುಮ್ನೆ ಹೊಡೀಬೇಕಾಗ್ತದೆ.”

ಅವಳು ಹಗ್ಗ ತೆಗೆದುಕೊಂಡಳು. ಹಲಗೆ ಹತ್ತಿ ಒಳಗೆ ಹೋಗಿ ನಿಂತಳು. ಕೆಂಚ ಅವಳ ಸೆರಗು ಮೂಸುತ್ತ ಹಿಂದೆಯೇ ಹತ್ತಿ ಬಂತು.