ಗೋಡೆಯ ಮೇಲಿನ ಪಾಸ್‌ವರ್ಡ್

೧

೨೦೨೫ರ ಜೂನ್ ೧೭, ಮಂಗಳವಾರ, ಮಧ್ಯಾಹ್ನ ೧ ಗಂಟೆ ೧೨ ನಿಮಿಷ.

ಹೀಗೆ ಶುರು ಮಾಡಬಹುದೇ? ತಾರೀಕು, ಗಂಟೆ ಕೊಟ್ಟರೆ ಓದುವವರು ನಂಬುತ್ತಾರೆ ಎಂಬುದು ಲ್ಯಾಬ್ ರೆಕಾರ್ಡ್ ಬರೆಸಿ ಬರೆಸಿ ನನಗೆ ಅಂಟಿದ ಚಾಳಿ. ಕಥೆ ಅಂದಮೇಲೆ ಬೇರೆ ಥರ ತೆರೆದುಕೊಳ್ಳಬೇಕೇನೋ. ಗಾಳಿ ಬೀಸುತ್ತಿತ್ತು, ಇತ್ಯಾದಿ. ಗಾಳಿ ನಿಜಕ್ಕೂ ಬೀಸುತ್ತಿತ್ತು. ಆದರೆ ನಾನು ಅದನ್ನು ಅಳೆದಿಲ್ಲ, ಹಾಗಾಗಿ ಬರೆಯುವುದಿಲ್ಲ.

ನಾನು ಪಂಪಾವತಿ. ಹೊಸಪೇಟೆಯ ಮಲಪನಗುಡಿ ರಸ್ತೆಯ ಮನೆಯಲ್ಲಿ ಪಿಯು ಮಕ್ಕಳಿಗೆ ಫಿಜಿಕ್ಸ್ ಟ್ಯೂಷನ್ ಹೇಳುತ್ತೇನೆ. ಹಿಂದಿನ ವಾರ ಕೇಳಿದ ಸೈಬರ್ ಸುರಕ್ಷತೆಯ ಭಾಷಣದಲ್ಲಿ, ನಿಮ್ಮ ವೈಫೈ ಬಳಸಿ ಯಾರು ಏನು ಮಾಡಿದರೂ ಮೊದಲು ತಟ್ಟುವುದು ನಿಮ್ಮ ಬಾಗಿಲನ್ನೇ ಎಂದಿದ್ದರು. ಹೆದರಿ ರೌಟರಿನ ಪಟ್ಟಿ ತೆರೆದೆ. ಏಳು ಉಪಕರಣಗಳು. ನನ್ನ ಫೋನು, ನಮ್ಮವರ ಫೋನು, ಲ್ಯಾಪ್‌ಟಾಪ್, ಟ್ಯಾಬ್, ಪ್ರಿಂಟರ್, ಟೀವಿ. ಆರಾಯಿತು.

ಏಳನೆಯದು ಯಾರದು?

೧ (ಮತ್ತೆ)

ಮೊದಲ ಕರಡಿನ ಹೆಸರು 'ಕಳ್ಳ'. ಅದರಲ್ಲಿ ನಾನು ಪತ್ತೇದಾರಳು.

(ಸುಧಾರಾಣಿ: 'ಕಳ್ಳಿ' ಅಂತ ತಿದ್ದಿ.)

ಓದುಗರೇ, ಇವರು ಇಷ್ಟು ಬೇಗ ಬರಬಾರದಿತ್ತು. ಇವರು ನಮ್ಮ ಹಿಂದಿನ ಮನೆಯ ಸುಧಾರಾಣಿ. ಆ ಏಳನೆಯ ಫೋನು ಇವರದೇ. ಕರಡನ್ನು ಓದಲು ಕೊಟ್ಟಿದ್ದೆ. ಅಂಚಿನಲ್ಲೆಲ್ಲ ಕೆಂಪು ಪೆನ್ನಿನಿಂದ ಬರೆದು ವಾಪಸ್ ಕೊಟ್ಟರು. ಸಸ್ಪೆನ್ಸ್ ಹಾಳಾಯಿತು, ಹೋಗಲಿ. ಜೂನ್ ೧೭ರಂದು ನನಗೆ ಇದು ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ಮನಸ್ಸಿನಲ್ಲಿಡಿ.

ವೈಫೈ ಹಾಕಿಕೊಟ್ಟ ಹುಲುಗೇಶನಿಗೆ ಫೋನ್ ಮಾಡಿದೆ.

"ಪಾಸ್‌ವರ್ಡ್ ಏನಿಟ್ಟಿದ್ದೀಯಪ್ಪಾ?"

"ನಿಮ್ಮ ಮೊಬೈಲ್ ನಂಬರ್ರೀ ಮೇಡಂ. ಎಲ್ಲಾ ಮನಿಗೂ ಅದನ್ನ ಇಡತೀನಿ. ಇಲ್ಲಾಂದ್ರ ಮರತು ನನ್ ಜೀವ ತಿಂತಾರ."

"ಆ ನಂಬರನ್ನು ಕಾಂಪೌಂಡ್ ಗೋಡೆ ಮೇಲೆ ಒಂದಡಿ ಎತ್ತರ ಬರೆಸಿದ್ದೀನಲ್ಲೋ! ಟ್ಯೂಷನ್‌ಗೆ ಸಂಪರ್ಕಿಸಿ ಅಂತ!"

"ಭಾಳ ಚಲೋ ಕಾಣಸತೈತ್ರೀ ಮೇಡಂ. ಬಸ್ಸಿನಾಗಿಂದನೂ ಓದಬೌದು."

ಅವತ್ತೇ ಹದಿನಾರು ಅಕ್ಷರಗಳ ಹೊಸ ಪಾಸ್‌ವರ್ಡ್ ಹಾಕಿದೆ. ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬಿಡುವ ಸೌಲಭ್ಯವೊಂದಿತ್ತು, ಅದನ್ನು ಬಂದ್ ಮಾಡಿದೆ. ರೌಟರಿನ ಸೆಟ್ಟಿಂಗ್ ಪುಟಕ್ಕೆ ಕಂಪನಿಯವರು ಇಟ್ಟಿದ್ದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನೂ ಬದಲಿಸಿದೆ. ಮರುದಿನ ಮಧ್ಯಾಹ್ನ ಪಟ್ಟಿಯಲ್ಲಿ ಆರೇ ಆರು. ಕಥೆ ಮುಗಿಯಿತು. ಎಷ್ಟು ಕೆಟ್ಟ ಕಥೆ ನೋಡಿ: ಸಮಸ್ಯೆ, ಪರಿಹಾರ, ಚಹಾ.

೨

ಎರಡನೆಯ ಕರಡಿನಲ್ಲಿ ಹಿಂದಿನ ಮನೆಯ ಹೆಂಗಸು ಕಾಂಪೌಂಡಿಗೆ ಬಂದು ಜಗಳ ತೆಗೆಯುತ್ತಾಳೆ: "ಗಾಳಿಯಾಗ ಬರೋದು ನಿಮ್ಮಪ್ಪಂದೇನ್ರೀ?" ಒಳ್ಳೆಯ ಸಾಲು. ಬರೆದು ಎರಡು ದಿನ ಖುಷಿಪಟ್ಟೆ. ಆಮೇಲೆ ಹೊಡೆದುಹಾಕಬೇಕಾಯಿತು. ಸುಧಾರಾಣಿಗೆ ಕಿವಿ ಕೇಳಿಸುವುದಿಲ್ಲ, ಬಾಯಿಂದ ಮಾತಾಡುವುದಿಲ್ಲ.

(ಸುಧಾರಾಣಿ: ಸಾಲು ಇರಲಿ. ನನಗೆ ಇಷ್ಟವಾಯಿತು. ಅದನ್ನು ಕೈಯಲ್ಲಿ ಹೇಳಿದರೆ ಇನ್ನೂ ಜೋರಾಗಿರುತ್ತದೆ.)

೪ (ಮೂರನ್ನು ಹರಿದುಹಾಕಿದ್ದೇನೆ. ಅದರಲ್ಲಿ ನಾನು ತುಂಬ ಒಳ್ಳೆಯವಳಾಗಿದ್ದೆ.)

ನಿಜವಾಗಿ ಕಾಂಪೌಂಡಿಗೆ ಬಂದವರು ಸುಧಾರಾಣಿಯ ಅತ್ತೆ ಪಕೀರಮ್ಮ. ಶುಕ್ರವಾರ ಸಂಜೆ.

"ಮೇಡಂ, ಗ್ವಾಡಿ ಮ್ಯಾಲಿನ ನಂಬರ್ ಬದ್ಲ್ ಮಾಡೀರೇನ್ರಿ?"

"ಯಾಕೆ ಪಕೀರಮ್ಮಾ?"

"ನಮ್ಮ ಸೊಸಿ ಅದನ್ನ ಹಾಕಿದ್ರ ನೆಟ್ಟ ಬರತಿತ್ತು. ಮೂರು ದಿನ ಆತು, ಬರವಲ್ದು. ಬಣ್ಣ ಹೋಗಿ ಒಂದಂಕಿ ಹೆಚ್ಚುಕಡಿಮಿ ಆಗೇತೇನಂತ ನೋಡಾಕ ಬಂದೆ."

ಸಿಕ್ಕಿಬಿದ್ದವರ ಮುಂದೆ ತೋರಿಸಲೆಂದು ನಾನು ಸಿದ್ಧಮಾಡಿಕೊಂಡಿದ್ದ ಬಿಗಿ ಮುಖ ವ್ಯರ್ಥವಾಯಿತು. ರಸ್ತೆಗೆ ಕಾಣುವಂತೆ ಬರೆಸಿದ್ದನ್ನು ಓದುವುದು ಅವರ ಪಾಲಿಗೆ ಕಳವೇ ಅಲ್ಲ.

"ಅದು ನಮ್ಮ ಮನೆಯ ವೈಫೈ. ನಾನೇ ಬಂದ್ ಮಾಡಿದೆ."

"ಯವ್ವಾ!" ಪಕೀರಮ್ಮ ಬಾಯಿಗೆ ಸೆರಗು ಹಿಡಿದರು. "ನಿಮ್ಮದಂತ ನನಗ ಗೊತ್ತಿದ್ದಿಲ್ರೀ. ಆಕಿಗೂ ಗೊತ್ತಿರಲಿಕ್ಕಿಲ್ಲ."

(ಸುಧಾರಾಣಿ: ಗೊತ್ತಿತ್ತು. ಹೆಸರೇ 'ಪಂಪಾವತಿ ಫಿಜಿಕ್ಸ್' ಅಂತ ಬರುತ್ತದೆ. ನಂಬರ್ ಹಾಕಿದೆ, ಮೊದಲ ಸಲಕ್ಕೇ ತೆರೆಯಿತು. ನಿಮ್ಮ ವಿದ್ಯಾರ್ಥಿಗಳು ಇನ್ನೂ ಕಂಡುಹಿಡಿದಿಲ್ಲ ಅನ್ನುವುದೇ ಆಶ್ಚರ್ಯ.)

"ಏನು ನೋಡ್ತಾರೆ ಅದರಲ್ಲಿ?" ಎಂದೆ. ಪ್ರಶ್ನೆ ನನ್ನದಲ್ಲ, ಪತ್ತೇದಾರಳದು.

"ಗಂಡನ್ನ ನೋಡ್ತಾಳ್ರಿ, ಇನ್ನೇನು? ನಮ್ಮ ದುರುಗೇಶ ಸಂಡೂರಾಗ ಗಣಿ ವರ್ಕ್‌ಶಾಪಿನಾಗ ವೆಲ್ಡಿಂಗ್ ಮಾಡ್ತಾನ. ಅವಗೂ ಕಿವಿ ಕೇಳ್ಸಂಗಿಲ್ಲ. ಊಟದ ಹೊತ್ತಿನಾಗ ಅಷ್ಟ ಕ್ಯಾಂಟೀನಿನಾಗ ನೆಟ್ಟ ಸಿಗತೈತಿ. ಇರೋ ಶೆಡ್ಡಿಗೆ ಗುಡ್ಡ ಅಡ್ಡ. ಇಬ್ರೂ ಫೋನ್ ಎದುರಿಗಿಟಗೊಂಡು ಕೂಡೇ ಉಣತಾರ. ಒಂದ್ ತುತ್ತು, ಒಂದ್ ಮಾತು. ಉಣ್ಣಾಕೂ ಅದ ಕೈ, ಮಾತಾಡಾಕೂ ಅದ ಕೈ ಅಲ್ರೀ?"

"ಅವರ ಫೋನಿನಲ್ಲೇ ನೆಟ್ ಇಲ್ಲವಾ?"

"ಐತ್ರಿ, ತಡದು ತಡದು ಬರತೈತಿ. ನಮಗಾದ್ರ ಚಿತ್ರ ನಿಂತ್ರೂ ದನಿ ಕೇಳತೈತಿ. ಅವರಿಗೆ ಚಿತ್ರ ನಿಂತ್ರ ಮಾತ ನಿಂತಂಗ. ಮೂರು ದಿನ ಆತು ಮಧ್ಯಾಹ್ನ ಗಂಗಾಳ ಮುಂದಿಟಗೊಂಡು ಕುಂದರತಾಳ, ಉಣವಲ್ಲಳು. ದಿನಾಪೂರ್ತಿ ಆಕಿ ಜೋಡಿ ಮಾತಾಡಾಕ ಯಾರದಾರ್ರೀ? ನನಗ ಬರೋವು ನಾಕ ಸನ್ನಿ. ಬಾ, ಉಣ್ಣು, ನೀರು, ಸಾಕು."

೫

ನನಗೆ ಇದು ಮೊದಲೇ ಹೊಳೆಯಬೇಕಿತ್ತು. ರೌಟರಿನಲ್ಲಿ ಒಂದು ತಿಂಗಳ ದಾಖಲೆಯಿತ್ತು. ಭಾನುವಾರ ಬಿಟ್ಟು ದಿನಾ ಒಂದು ಕಾಲಿನ ಆಸುಪಾಸು ಆ ಫೋನು ಬರುತ್ತಿತ್ತು, ಅರ್ಧ ಗಂಟೆಯ ಮೇಲೆ ಎರಡೋ ಮೂರೋ ನಿಮಿಷ ಇರುತ್ತಿತ್ತು. ಒಂದು ದಿನ ಇಳಿದದ್ದು ೨೧೦ ಎಂಬಿ, ಏರಿದ್ದು ೨೦೪. ಇನ್ನೊಂದು ದಿನ ೧೯೬, ೧೯೮. ಸಿನಿಮಾ ನೋಡುವವರು ಬರೀ ಇಳಿಸಿಕೊಳ್ಳುತ್ತಾರೆ. ಇಲ್ಲಿ ಪಡೆದಷ್ಟೇ ಕೊಡಲಾಗುತ್ತಿತ್ತು. ಎರಡು ಕಡೆ ಸರಿಸಮವಾಗಿ ಹರಿಯುವುದು ಮಾತುಕತೆ ಮಾತ್ರ. ಸಮೀಕರಣ ಕಲಿಸುವವಳಿಗೆ ಅಷ್ಟೂ ಕಾಣಲಿಲ್ಲ.

ಇಲ್ಲೊಂದು ಸುಂದರ ವಾಕ್ಯ ಬರೆದಿದ್ದೆ: ಪರದೆಯ ಮುಂದೆ ಅವಳ ಕೈಗಳು ಎರಡು ಹಕ್ಕಿಗಳಂತೆ ಹಾರುತ್ತಿದ್ದವು.

(ಸುಧಾರಾಣಿ: ಹಕ್ಕಿ ತೆಗೆಯಿರಿ. ಗ್ಯಾಸ್ ಮುಗಿದಿದೆ, ಬುಕ್ ಮಾಡಿ ಅನ್ನುವುದಕ್ಕೆ ಹಕ್ಕಿ ಬೇಕಿಲ್ಲ. ನಾವು ಹೆಚ್ಚಾಗಿ ಅಂಥದ್ದೇ ಮಾತಾಡುವುದು. ಜಗಳವನ್ನೂ ಆಡುತ್ತೇವೆ.)

ತೆಗೆದಿದ್ದೇನೆ. (ತೆಗೆದದ್ದನ್ನು ನಿಮಗೆ ತೋರಿಸಿಯೇ ತೆಗೆದಿದ್ದೇನೆ. ಬರೆಯುವವರ ಚಪಲ.)

೬

ಅಂತ್ಯಗಳು.

(ಅ) ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಯ ಮೇಲಿಂದ ಕೊಡುತ್ತೇನೆ. ಪಕೀರಮ್ಮನ ಕಣ್ಣು ತುಂಬುತ್ತದೆ.

(ಸುಧಾರಾಣಿ: ಅತ್ತೆ ಇಂಥದ್ದಕ್ಕೆಲ್ಲ ಅಳುವುದಿಲ್ಲ. ಇದರಲ್ಲಿ ಕೊಡುವವರು ನೀವೇ, ಇಸಿದುಕೊಳ್ಳುವವಳು ನಾನೇ. ಬೇಡ.)

(ಆ) ಕೊಡುವುದಿಲ್ಲ. ಭಾಷಣ ಮಾಡಿದವರು ಹೇಳಿದ್ದು ಸರಿ. ಎಲ್ಲರೂ ಸುರಕ್ಷಿತ. ಒಬ್ಬರು ಮಾತ್ರ ಊಟ ಮಾಡುವುದಿಲ್ಲ.

ಇದಕ್ಕೆ ಸುಧಾರಾಣಿ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಿದ್ದಾರೆ.

(ಇ) ರೌಟರಿನಲ್ಲಿ ಅತಿಥಿಗಳಿಗೆಂದೇ ಬೇರೊಂದು ಜಾಲ ತೆರೆಯಬಹುದು. ಅದರಿಂದ ಇಂಟರ್ನೆಟ್ಟಿಗೆ ಹೋಗಬಹುದು, ನನ್ನ ಲ್ಯಾಪ್‌ಟಾಪಿಗೋ ಪ್ರಿಂಟರಿಗೋ ಬರಲಾಗದು. ಶನಿವಾರ ಸುಧಾರಾಣಿಯನ್ನು ಕರೆದು ಇದನ್ನು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದೆ. ಅವರು ಓದಿ, ಪೆನ್ನು ಕೇಳಿ ಬರೆದರು: "ಇದರ ಪಾಸ್‌ವರ್ಡ್ ನಾನು ಇಡುತ್ತೇನೆ. ನೀವು ನೋಡಬಾರದು."

ನನ್ನ ಮನೆ, ನನ್ನ ರೌಟರ್, ನಾಳೆ ತಟ್ಟುವುದೂ ನನ್ನ ಬಾಗಿಲು. ಆದರೂ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ನಾನು ಕಿಟಕಿಯತ್ತ ನೋಡಿದೆ. ಕೀಲಿಗಳ ಸದ್ದು ಎಣಿಸದಿರಲು ಪ್ರಯತ್ನಪಟ್ಟೆ.

"ಎಣಿಸಿದಿರಾ?" ಎಂದು ಬರೆದು ತೋರಿಸಿದರು.

"ಇಲ್ಲ," ಎಂದು ಬರೆದೆ.

(ಸುಧಾರಾಣಿ: ಸುಳ್ಳು. ನಿಮ್ಮ ತುಟಿ ಅಲ್ಲಾಡುತ್ತಿತ್ತು.)

ಅಂಕಿಯಿಲ್ಲದ ತುಣುಕು

ಅತಿಥಿ ಜಾಲ ಅವರ ಅಡುಗೆಮನೆಗೆ ಮುಟ್ಟಲಿಲ್ಲ. ಹಳೆಯದೂ ಮುಟ್ಟುತ್ತಿರಲಿಲ್ಲವಂತೆ, ಅವರು ಗಂಗಾಳ ಹಿಡಿದು ನಮ್ಮ ಕಾಂಪೌಂಡಿನ ಪಕ್ಕ ಬಂದು ಕೂರುತ್ತಿದ್ದರಂತೆ. ನಡುವೆ ಎರಡು ಕಲ್ಲಿನ ಗೋಡೆಗಳು. ಸಿಗ್ನಲ್ಲನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಸೊನ್ನೆಗಿಂತ ಕೆಳಗಿನ ಅಂಕಿ, ಕೆಳಗಿಳಿದಷ್ಟೂ ದುರ್ಬಲ. ಅಲ್ಲಿ ಮೈನಸ್ ೮೧ ಇತ್ತು. ಮೈನಸ್ ೭೦ ದಾಟಿ ಇಳಿದರೆ ವಿಡಿಯೊ ತಡವರಿಸುತ್ತದೆ, ಅಂದರೆ ಕೈ ಅರ್ಧದಲ್ಲಿ ನಿಲ್ಲುತ್ತದೆ, ಅಂದರೆ ಮಾತೂ ನಿಲ್ಲುತ್ತದೆ. ರೌಟರನ್ನು ಕಪಾಟಿನ ಮೇಲಿಂದ ಇಳಿಸಿ ಹಿತ್ತಿಲ ಕಿಟಕಿಯಲ್ಲಿಟ್ಟೆ.

ಆಮೇಲೆ ಬಳಕೆಯ ದಾಖಲೆ ಇಡುವ ಸೌಲಭ್ಯವನ್ನು ಬಂದ್ ಮಾಡಿದೆ. ಏರಿದ್ದೆಷ್ಟು, ಇಳಿದದ್ದೆಷ್ಟು ಎಂದು ಅವರ ಗಂಗಾಳದ ಪಕ್ಕ ಕರೆಯದೆ ಹೋಗಿ ಕುಳಿತವಳು ನಾನೇ ಅಲ್ಲವೇ.

ಸೋಮವಾರ ಇಬ್ಬರೂ ಮಾತಾಡಿದರೇ? ಕೇಳುತ್ತೀರಿ, ಗೊತ್ತು. ದುರುಗೇಶ್ ಹೊತ್ತಿಗೆ ಸರಿಯಾಗಿ ಕ್ಯಾಂಟೀನಿಗೆ ಬಂದರೋ, ಅಷ್ಟೂ ದಿನದ ಮಾತು ಒಂದೇ ಊಟದಲ್ಲಿ ಮುಗಿಯಿತೋ, ಸುಧಾರಾಣಿ ಉಂಡರೋ. ಬರೆಯಲೆಂದು ಅವರಿಗೆ ಅರ್ಧ ಪುಟ ಖಾಲಿ ಬಿಟ್ಟುಕೊಟ್ಟಿದ್ದೆ.

(ಸುಧಾರಾಣಿ: ಅದು ನಿಮ್ಮ ಕಥೆಗಲ್ಲ.)

ಹಾಗಾಗಿ ನನ್ನ ಬಳಿ ಇರುವುದು ಇಷ್ಟೇ. ಜೂನ್ ೨೩, ಮಧ್ಯಾಹ್ನ ಒಂದು ಗಂಟೆ. ಅವರ ಅಡುಗೆಮನೆಯ ಹೊಸ್ತಿಲ ಮೇಲೆ ನನ್ನ ಫೋನಿಟ್ಟು ಅಳೆದೆ, ಒಳಗೆ ಕಾಲಿಡಲಿಲ್ಲ. ಮೈನಸ್ ೬೭ ಡಿಬಿಎಂ.